ಈಸ್ಟ್ ಜೋರಾ, ವೆಸ್ಟ್ ಜೋರಾ? ಎನ್‌ಬಿಎ ಬಲಾಬಲವನ್ನು ನೀವೇ ಲೆಕ್ಕ ಹಾಕುವ ಬಗೆ

ಕಾರವಾರ, ಕುಮಟಾ, ಶಿರಸಿ ಕಡೆ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ನೋಡುವ ನಾಲ್ಕು ಜನ ಒಟ್ಟಿಗೆ ಕೂತರೆ ಈ ವಾದ ಬಂದೇ ಬರುತ್ತದೆ. ಪೂರ್ವದ ತಂಡಗಳ ಗುಂಪಾದ ಈಸ್ಟರ್ನ್ ಕಾನ್ಫರೆನ್ಸ್‌ನಲ್ಲಿ ಒಳ್ಳೆ ಆಟಗಾರರು ಜಾಸ್ತಿನಾ, ಪಶ್ಚಿಮದ ಗುಂಪಾದ ವೆಸ್ಟರ್ನ್‌ನಲ್ಲಾ? ಒಬ್ಬರು ಕಳೆದ ವರ್ಷದ ಚಾಂಪಿಯನ್ ಹೆಸರು ಹೇಳುತ್ತಾರೆ. ಇನ್ನೊಬ್ಬರು ತಮ್ಮ ಇಷ್ಟದ ಸ್ಟಾರ್ ಹೆಸರು ಹೇಳುತ್ತಾರೆ. ಮಾತು ಅಲ್ಲಿಗೇ ನಿಲ್ಲುತ್ತದೆ. ಆದರೆ ಇದನ್ನು ಸರಿಯಾಗಿ ತೂಗಿ ನೋಡಬಹುದು. ಒಂದು ನೋಟ್‌ಬುಕ್, ಪಾಯಿಂಟ್ಸ್ ಟೇಬಲ್ ಸಿಗುವ ಒಂದು ಫೋನ್, ಒಂದು ಸಂಜೆಯ ಬಿಡುವು ಇದ್ದರೆ ಸಾಕು.

ಇದೆಲ್ಲ ಯಾಕೆ ಬೇಕು ಅನ್ನುವವರಿಗೆ ಮೊದಲು ಒಂದು ಮಾತು. ನಮ್ಮ ಜಿಲ್ಲೆಯಲ್ಲೇ ಒಂದು ವಾಲಿಬಾಲ್ ಟೂರ್ನಿ ಮಾಡಿದಿರಿ ಅಂತ ಇಟ್ಟುಕೊಳ್ಳಿ. ಘಟ್ಟದ ಕೆಳಗಿನ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಒಂದು ಗುಂಪು. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಹಳಿಯಾಳ, ಜೋಯಿಡಾ, ದಾಂಡೇಲಿ ಇನ್ನೊಂದು. ಎರಡೂ ಕಡೆಯಿಂದ ತಲಾ ನಾಲ್ಕು ತಂಡ ಮುಂದಕ್ಕೆ ಹೋಗಬೇಕು. ಆ ವರ್ಷ ಮೇಲೆ ಐದು ಗಟ್ಟಿ ತಂಡ ಇದ್ದು ಕೆಳಗೆ ಮೂರೇ ಇದ್ದರೆ ಏನಾಗುತ್ತದೆ? ಮೇಲಿನ ಐದನೇ ತಂಡ ಚೆನ್ನಾಗಿ ಆಡಿಯೂ ಮನೆಗೆ ಹೋಗುತ್ತದೆ. ಕೆಳಗಿನ ನಾಲ್ಕನೇ ತಂಡ ಹೇಗೋ ಒಳಗೆ ಬರುತ್ತದೆ. ಎನ್‌ಬಿಎಯಲ್ಲಿ ಇದು ನಿಜವಾಗಿಯೂ ಮತ್ತೆ ಮತ್ತೆ ಆಗಿದೆ. 2013-14ರಲ್ಲಿ ವೆಸ್ಟ್‌ನ ಫೀನಿಕ್ಸ್ ಸನ್ಸ್ 48 ಪಂದ್ಯ ಗೆದ್ದು 34 ಸೋತು ಪ್ಲೇಆಫ್‌ನಿಂದ (ಪ್ರತಿ ಕಾನ್ಫರೆನ್ಸ್‌ನ ಎಂಟು ತಂಡ ಆಡುವ ನಾಕೌಟ್ ಹಂತ) ಹೊರಗುಳಿಯಿತು. ಅದೇ ವರ್ಷ ಈಸ್ಟ್‌ನ ಅಟ್ಲಾಂಟಾ ಹಾಕ್ಸ್ 38 ಗೆದ್ದು 44 ಸೋತು ಒಳಗೆ ಬಂತು. 2007-08ರಲ್ಲೂ ಇದೇ ಕಥೆ: 48 ಗೆದ್ದ ಗೋಲ್ಡನ್ ಸ್ಟೇಟ್ ಹೊರಗೆ, 37 ಗೆದ್ದ ಅಟ್ಲಾಂಟಾ ಒಳಗೆ. ಒಂದು ಇಡೀ ತಂಡದ ವರ್ಷದ ದುಡಿಮೆ ನಕ್ಷೆಯ ಮೇಲೆ ಅದು ಎಲ್ಲಿದೆ ಅನ್ನುವುದರ ಮೇಲೆ ನಿಂತಿದೆ ಅಂದರೆ, ಬಲಾಬಲ ನೋಡುವುದು ಸುಮ್ನೆ ಹರಟೆಯ ವಿಷಯ ಅಲ್ಲ.

ಈಗ ಲೆಕ್ಕಕ್ಕೆ ಬರೋಣ.

ಎನ್‌ಬಿಎಯಲ್ಲಿ 30 ತಂಡ, ಎರಡೂ ಕಾನ್ಫರೆನ್ಸ್‌ನಲ್ಲಿ 15-15. ಪ್ರತಿ ತಂಡ ಲೀಗ್ ಹಂತದಲ್ಲಿ 82 ಪಂದ್ಯ ಆಡುತ್ತದೆ. ಅದರಲ್ಲಿ 52 ತನ್ನದೇ ಕಾನ್ಫರೆನ್ಸ್ ಒಳಗೆ, 30 ಇನ್ನೊಂದು ಕಾನ್ಫರೆನ್ಸ್ ಜೊತೆ. ಆ ಕಡೆಯ ಪ್ರತಿ ತಂಡದ ಜೊತೆ ತನ್ನ ಊರಲ್ಲಿ ಒಂದು, ಅವರ ಊರಲ್ಲಿ ಒಂದು. ಅಂದರೆ ಇಡೀ ಸೀಸನ್‌ನಲ್ಲಿ ಈಸ್ಟ್-ವೆಸ್ಟ್ ಮುಖಾಮುಖಿ 450 ಪಂದ್ಯ. ನಮಗೆ ಬೇಕಾದ ಚಿನ್ನ ಇರುವುದು ಈ 450ರಲ್ಲೇ. ಕಾನ್ಫರೆನ್ಸ್ ಒಳಗಿನ ಪಂದ್ಯದಲ್ಲಿ ಒಬ್ಬರು ಗೆದ್ದರೆ ಇನ್ನೊಬ್ಬರು ಸೋಲುತ್ತಾರೆ, ಎರಡೂ ಅದೇ ಮನೆಯ ಲೆಕ್ಕಕ್ಕೆ ಹೋಗುತ್ತವೆ. ಅದರಿಂದ ಯಾವ ಕಾನ್ಫರೆನ್ಸ್ ಗಟ್ಟಿ ಅಂತ ಏನೂ ಗೊತ್ತಾಗುವುದಿಲ್ಲ. ಊರಾಟ, ಹೊರಗಿನಾಟ ಸಮ ಸಮ ಇರುವುದರಿಂದ ತವರಿನ ಲಾಭವೂ ಎರಡೂ ಕಡೆ ಸರಿದೂಗುತ್ತದೆ.

ಈ 450 ಪಂದ್ಯವನ್ನು ಒಂದೊಂದಾಗಿ ಹುಡುಕಿ ಕೂರಬೇಕಾಗಿಲ್ಲ. ವೆಸ್ಟ್‌ನ 15 ತಂಡಗಳ ಒಟ್ಟು ಗೆಲುವನ್ನು ಕೂಡಿಸಿ. ಅದರಲ್ಲಿ 390 ಕಳೆಯಿರಿ. ಉಳಿದದ್ದೇ ಈಸ್ಟ್ ಮೇಲಿನ ಗೆಲುವು. 390 ಎಲ್ಲಿಂದ ಬಂತು? 15 ತಂಡಕ್ಕೆ 52ರಂತೆ 780, ಒಂದು ಪಂದ್ಯ ಎರಡು ತಂಡದ ಲೆಕ್ಕದಲ್ಲೂ ಬರುವುದರಿಂದ ಅರ್ಧ ಮಾಡಿದರೆ 390. ಇಷ್ಟು ಗೆಲುವು ಮನೆಯೊಳಗೇ ಆದದ್ದು. 2023ರಲ್ಲಿ ಶುರುವಾದ, ಸೀಸನ್ ನಡುವೆಯೇ ನಡೆಯುವ ಎನ್‌ಬಿಎ ಕಪ್ ಟೂರ್ನಿಯಿಂದ ವೇಳಾಪಟ್ಟಿಯಲ್ಲಿ ಒಂದೆರಡು ಪಂದ್ಯ ಆಚೀಚೆ ಆಗಬಹುದು, ಅದರಿಂದ ತೀರ್ಮಾನ ಬದಲಾಗುವುದಿಲ್ಲ.

2013-14ನ್ನೇ ಮಾಡಿ ನೋಡಿ. ವೆಸ್ಟ್ ಒಟ್ಟು ಗೆಲುವು 674. 390 ಕಳೆದರೆ 284. ಅಂದರೆ ಈಸ್ಟ್ ಗೆದ್ದದ್ದು 166 ಮಾತ್ರ. ಇದು ಭಾರೀ ಅಂತರ. 2023-24ರಲ್ಲಿ ವೆಸ್ಟ್ ಒಟ್ಟು 650, ಹಾಗಾಗಿ ಮುಖಾಮುಖಿ ಸುಮಾರು 260-190. 2024-25ರಲ್ಲಿ ವೆಸ್ಟ್ ಒಟ್ಟು 638, ಅಲ್ಲಿಗೆ ಸುಮಾರು 248-202. ಮೂರೂ ವರ್ಷ ವೆಸ್ಟ್ ಮುಂದೆ, ಆದರೆ ಅಂತರ ಬೇರೆ ಬೇರೆ.

ಈಗ ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಹಾರಿಸಬೇಡಿ. ಎರಡೂ ಕಡೆ ಬಲ ಪೂರ್ತಿ ಸಮ ಇದ್ದರೂ 450ರಲ್ಲಿ ಸರಿಯಾಗಿ 225-225 ಬರುವುದು ಅಪರೂಪ. ನಾಣ್ಯವನ್ನು 450 ಸಲ ಚಿಮ್ಮಿದರೆ 20ರಷ್ಟು ಆಚೀಚೆ ಆಗುವುದು ಸಾಮಾನ್ಯ. ಹಾಗಾಗಿ 235-215 ನೋಡಿ ವೆಸ್ಟ್ ಜೋರು ಅಂತ ಕೂಗುವುದು ಬೇಡ. 246ರ ಆಸುಪಾಸು ದಾಟಿದ ಮೇಲೆ ಮಾತ್ರ ಇಲ್ಲಿ ಏನೋ ಇದೆ ಅಂತ ನಂಬಿ. 260 ಅಂದರೆ ನಿಜವಾದ ಅಂತರ. 284 ಅಂದರೆ ಅನುಮಾನಕ್ಕೆ ಜಾಗವೇ ಇಲ್ಲ. 248 ಅಂಚಿನಲ್ಲಿ ನಿಂತಿದೆ, ಅದನ್ನು ಇನ್ನೊಂದು ಸಲ ಬಗೆದು ನೋಡಬೇಕು.

ಬಗೆಯುವುದು ಹೀಗೆ. 2024-25ರಲ್ಲಿ ಓಕ್ಲಹೋಮ ಸಿಟಿ ಥಂಡರ್ 68 ಪಂದ್ಯ ಗೆದ್ದು ಕೊನೆಗೆ ಚಾಂಪಿಯನ್ ಕೂಡ ಆಯಿತು. ಈಸ್ಟ್ ತಂಡಗಳ ಎದುರು ಅದರ ದಾಖಲೆ 29 ಗೆಲುವು, ಒಂದೇ ಸೋಲು. ಆ ಒಂದು ಸೋಲು ಕ್ಲೀವ್‌ಲ್ಯಾಂಡ್ ಎದುರು. ಈಗ ವೆಸ್ಟ್ ಲೆಕ್ಕದಿಂದ ಓಕ್ಲಹೋಮವನ್ನು ತೆಗೆಯಿರಿ. 248ರಲ್ಲಿ 29 ಹೋದರೆ 219. ಈಸ್ಟ್‌ನ 202ರಲ್ಲಿ ಒಂದು ಹೋದರೆ 201. ಉಳಿದ 14 ವೆಸ್ಟ್ ತಂಡಗಳು ಈಸ್ಟ್ ಎದುರು 219-201, ಅಷ್ಟೇ. ಅಂದರೆ ಆ ವರ್ಷ ವೆಸ್ಟ್‌ನ ದೊಡ್ಡಸ್ತಿಕೆಯ ಬಹುಪಾಲು ಒಂದೇ ತಂಡದ್ದು. 2013-14ರಲ್ಲಿ ಯಾವ ತಂಡ ತೆಗೆದರೂ ಹೀಗಾಗುವುದಿಲ್ಲ, ಯಾಕೆಂದರೆ 118 ಪಂದ್ಯದ ಅಂತರವನ್ನು ಯಾವ ಒಂದು ತಂಡವೂ ಹೊರಲಾರದು. ಇದು ನನಗೆ ತುಂಬಾ ಮುಖ್ಯ ಅನಿಸುತ್ತದೆ: ಒಂದು ತಂಡ ಗಟ್ಟಿಯಾಗುವುದು ಬೇರೆ, ಒಂದು ಕಾನ್ಫರೆನ್ಸ್ ಗಟ್ಟಿಯಾಗುವುದು ಬೇರೆ. ಮೊತ್ತ ಬಂದ ತಕ್ಷಣ ಯಾವ ತಂಡ ಅದನ್ನು ಎಳೆಯುತ್ತಿದೆ ಅಂತ ನೋಡಿ.

ಮುಂದಿನ ಕೆಲಸ ಟೇಬಲ್‌ನ ನಡುವನ್ನು ನೋಡುವುದು. ಜನ ಮೇಲಿನ ಎರಡು ಹೆಸರು ನೋಡಿ ಬಿಡುತ್ತಾರೆ. ನೀವು ಆರನೇ ಸ್ಥಾನದಿಂದ ಹನ್ನೊಂದನೇ ಸ್ಥಾನದವರೆಗೆ ಎರಡೂ ಕಡೆ ಅಕ್ಕಪಕ್ಕ ಬರೆಯಿರಿ. 2023-24ರಲ್ಲಿ ವೆಸ್ಟ್‌ನ ಹತ್ತನೇ ತಂಡ ಗೋಲ್ಡನ್ ಸ್ಟೇಟ್, 46 ಗೆಲುವು. ಈಸ್ಟ್‌ನ ಹತ್ತನೆಯದು ಅಟ್ಲಾಂಟಾ, 36 ಗೆಲುವು. ವೆಸ್ಟ್‌ನಲ್ಲಿ 41-41 ಮಾಡಿದ ಹ್ಯೂಸ್ಟನ್ ಹನ್ನೊಂದನೇ ಸ್ಥಾನದಲ್ಲಿ ನಿಂತು ಪ್ಲೇ-ಇನ್‌ಗೂ (ಏಳರಿಂದ ಹತ್ತನೇ ಸ್ಥಾನದವರು ಪ್ಲೇಆಫ್‌ನ ಕೊನೆಯ ಎರಡು ಜಾಗಕ್ಕೆ ಆಡುವ ಪಂದ್ಯಗಳು) ಬರಲಿಲ್ಲ. ಆದರೆ ಆ ವರ್ಷದ ಚಾಂಪಿಯನ್ ಯಾರು? ಈಸ್ಟ್‌ನ ಬಾಸ್ಟನ್ ಸೆಲ್ಟಿಕ್ಸ್, ಡಲ್ಲಾಸ್ ಎದುರು 4-1. ಫೈನಲ್ ನೋಡಿ ಕಾನ್ಫರೆನ್ಸ್ ಅಳೆಯಬಾರದು ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ. 2004ರಲ್ಲೂ ಹಾಗೆಯೇ: ವೆಸ್ಟ್ ಎಲ್ಲ ರೀತಿಯಲ್ಲೂ ಮೇಲಿದ್ದ ಕಾಲದಲ್ಲಿ ಈಸ್ಟ್‌ನ ಡೆಟ್ರಾಯಿಟ್ ಪಿಸ್ಟನ್ಸ್ ಲೇಕರ್ಸ್ ತಂಡವನ್ನು 4-1ರಿಂದ ಮುಗಿಸಿತು. ಫೈನಲ್ ಎರಡು ತಂಡದ ಕಥೆ. ಉಳಿದ 28ರ ಬಗ್ಗೆ ಅದು ಏನೂ ಹೇಳುವುದಿಲ್ಲ.

ಕೆಳಗಿನ ಮೂರು ತಂಡಗಳನ್ನೂ ಒಂದು ಕಣ್ಣು ನೋಡಿ. 2023-24ರಲ್ಲಿ ಈಸ್ಟ್‌ನ ಡೆಟ್ರಾಯಿಟ್ 14, ವಾಷಿಂಗ್ಟನ್ 15 ಪಂದ್ಯ ಗೆದ್ದವು. ಡೆಟ್ರಾಯಿಟ್ ಸತತ 28 ಸೋತಿತ್ತು. ಇಂಥ ತಂಡಗಳ ಎದುರು ಮೂರು ನಾಲ್ಕು ಸಲ ಆಡುವ ಅಕ್ಕಪಕ್ಕದವರ ಗೆಲುವಿನ ಸಂಖ್ಯೆ ಉಬ್ಬಿರುತ್ತದೆ. ಮುಂದಿನ ವರ್ಷ ಅದೇ ಡೆಟ್ರಾಯಿಟ್ 44 ಗೆದ್ದಿತು, ಈಸ್ಟ್ ತಳ ಅಷ್ಟರ ಮಟ್ಟಿಗೆ ಗಟ್ಟಿಯಾಯಿತು. ಆಗ ವೆಸ್ಟ್‌ನಲ್ಲಿ ಯೂಟಾ 17ಕ್ಕೂ ನ್ಯೂ ಆರ್ಲಿಯನ್ಸ್ 21ಕ್ಕೂ ಇಳಿದಿದ್ದವು.

ಇನ್ನು ಸ್ಟಾರ್‌ಗಳ ಲೆಕ್ಕ. ಇದಕ್ಕೆ ಆಲ್-ಎನ್‌ಬಿಎ ಪಟ್ಟಿ ಬಳಸಿ. ವರ್ಷಕ್ಕೆ 15 ಹೆಸರು, ಮಾಧ್ಯಮದವರು ಮತ ಹಾಕಿ ಆರಿಸುವುದು. ಆಲ್-ಸ್ಟಾರ್ ಪಟ್ಟಿ ಈ ಕೆಲಸಕ್ಕೆ ಬರುವುದಿಲ್ಲ, ಯಾಕೆಂದರೆ ಅಲ್ಲಿ ಎರಡೂ ಕಾನ್ಫರೆನ್ಸ್‌ಗೆ ಪಾಲು ಮೊದಲೇ ಹಂಚಿಟ್ಟಿರುತ್ತಾರೆ. ಆಲ್-ಎನ್‌ಬಿಎಯಲ್ಲಿ ಆ ಹಂಚಿಕೆ ಇಲ್ಲ. 2024-25ರ ಪಟ್ಟಿ ತೆಗೆಯಿರಿ. ಈಸ್ಟ್‌ನಿಂದ ಯಾನಿಸ್, ಟೇಟಂ, ಮಿಚೆಲ್, ಬ್ರನ್ಸನ್, ಮೋಬ್ಲಿ, ಕೇಡ್ ಕನ್ನಿಂಗ್‌ಹ್ಯಾಮ್, ಹ್ಯಾಲಿಬರ್ಟನ್, ಟೌನ್ಸ್. ಎಂಟು ಜನ. ವೆಸ್ಟ್‌ನಿಂದ ಶೇ ಗಿಲ್ಜಸ್-ಅಲೆಕ್ಸಾಂಡರ್, ಯೋಕಿಚ್, ಕರಿ, ಎಡ್ವರ್ಡ್ಸ್, ಲೆಬ್ರಾನ್, ಹಾರ್ಡನ್, ಜೇಲನ್ ವಿಲಿಯಮ್ಸ್. ಏಳು. ಹೆಸರು ಎಣಿಸಿದರೆ ಈಸ್ಟ್ ಮುಂದೆ! ಆದರೂ ವೆಸ್ಟ್‌ನ ಎಂಟನೇ ತಂಡ ಮೆಂಫಿಸ್ 48 ಗೆದ್ದಿತ್ತು, ಈಸ್ಟ್‌ನ ಎಂಟನೇ ತಂಡ ಅಟ್ಲಾಂಟಾ 40. ಸ್ಟಾರ್‌ಗಳು ಒಂದು ಕಡೆ, ತಂಡದ ಆರನೇ ಏಳನೇ ಆಟಗಾರ ಎಷ್ಟು ಒಳ್ಳೆಯವನು ಅನ್ನುವುದು ಇನ್ನೊಂದು ಕಡೆ. ಎರಡನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆಯಿರಿ, ಕೂಡಿಸಬೇಡಿ.

ಆ ಪಟ್ಟಿಯ ಪಕ್ಕದಲ್ಲೇ ಹುಟ್ಟಿದ ವರ್ಷ ಬರೆದರೆ ಇನ್ನೂ ಒಳ್ಳೆಯದು. ಬಲ ಎತ್ತ ವಾಲುತ್ತಿದೆ ಅನ್ನುವುದು ಅಲ್ಲಿ ಕಾಣುತ್ತದೆ. ಲೆಬ್ರಾನ್ 1984, ಕರಿ 1988, ಹಾರ್ಡನ್ 1989. ಈ ಮೂವರು ಇನ್ನು ಹೆಚ್ಚು ವರ್ಷ ಈ ಪಟ್ಟಿಯಲ್ಲಿ ಇರಲಾರರು. ಕೇಡ್, ಮೋಬ್ಲಿ ಇಬ್ಬರೂ 2001, ಎಡ್ವರ್ಡ್ಸ್ ಕೂಡ 2001. ಪಟ್ಟಿಯಲ್ಲಿ ಇಲ್ಲದ ವೆಂಬನ್ಯಾಮ 2004, ಅವನಿರುವುದು ವೆಸ್ಟ್‌ನ ಸ್ಯಾನ್ ಆಂಟೋನಿಯೊದಲ್ಲಿ. ಗಾಯಕ್ಕೂ ಒಂದು ಗುರುತು ಹಾಕಿ. 2025ರ ಪ್ಲೇಆಫ್‌ನಲ್ಲಿ ಬಾಸ್ಟನ್‌ನ ಟೇಟಂ, ಇಂಡಿಯಾನಾದ ಹ್ಯಾಲಿಬರ್ಟನ್ ಇಬ್ಬರಿಗೂ ಹಿಮ್ಮಡಿಯ ಸ್ನಾಯುರಜ್ಜು (ಅಕಿಲೀಸ್) ಹರಿಯಿತು, ಹ್ಯಾಲಿಬರ್ಟನ್‌ಗಂತೂ ಫೈನಲ್‌ನ ಏಳನೇ ಪಂದ್ಯದಲ್ಲೇ. ಮಿಲ್ವಾಕಿಯಲ್ಲಿದ್ದ ಲಿಲರ್ಡ್‌ಗೂ ಏಪ್ರಿಲ್‌ನಲ್ಲಿ ಇದೇ ಆಗಿತ್ತು. ಮೂವರೂ ಈಸ್ಟ್. ಕಾಗದದ ಮೇಲಿನ ಪ್ರತಿಭೆ ಮತ್ತು ಅಂಗಳದಲ್ಲಿ ನಿಂತ ಪ್ರತಿಭೆ ಒಂದೇ ಅಲ್ಲ.

ಇಲ್ಲಿ ನಮ್ಮ ಕಡೆಯವರಿಗೇ ಇರುವ ಒಂದು ತೊಂದರೆ ಹೇಳಬೇಕು. ಚಳಿಗಾಲದಲ್ಲಿ ಈಸ್ಟ್ ಊರುಗಳ ಪಂದ್ಯ ನಮಗೆ ಬೆಳಗಿನ ಜಾವ ಐದೂವರೆ, ಆರಕ್ಕೆ ಶುರು. ಕ್ಯಾಲಿಫೋರ್ನಿಯಾ ಕಡೆಯದ್ದು ಎಂಟೂವರೆ, ಒಂಬತ್ತಕ್ಕೆ. ಬೇಗ ಏಳುವವರಿಗೆ ಈಸ್ಟ್ ಪೂರ್ತಿ ಸಿಗುತ್ತದೆ. ವೆಸ್ಟ್ ಪಂದ್ಯ ಶುರುವಾಗುವ ಹೊತ್ತಿಗೆ ಕಾಲೇಜ್ ಬಸ್ಸು, ಆಫೀಸು, ಅಡಿಕೆ ಕೆಲಸ. ಹಾಗಾಗಿ ವಾರದ ದಿನಗಳಲ್ಲಿ ನಾವು ಕಣ್ಣಾರೆ ನೋಡುವುದು ಒಂದೇ ಕಡೆಯ ಆಟ, ಇನ್ನೊಂದು ಕಡೆಯದ್ದು ಹೈಲೈಟ್ಸ್ ಮಾತ್ರ. ಹೈಲೈಟ್ಸ್‌ನಲ್ಲಿ ಎಲ್ಲರೂ ಚೆನ್ನಾಗಿಯೇ ಆಡುತ್ತಾರೆ ಅಲ್ವಾ? ಡಿಫೆನ್ಸ್ ಅಲ್ಲಿ ಕಾಣುವುದೇ ಇಲ್ಲ. ಕಣ್ಣಿನ ಅಂದಾಜಿನ ಮೇಲೆ ಮಾತಾಡುವುದಾದರೆ ಭಾನುವಾರ ಬೆಳಿಗ್ಗೆ ಕೂತು ಒಂದು ಈಸ್ಟ್-ವೆಸ್ಟ್ ಪಂದ್ಯವನ್ನು ಪೂರ್ತಿ ನೋಡಿ, ಅದರಲ್ಲೂ ಎರಡೂ ಕಡೆಯ ನಡುವಿನ ತಂಡಗಳದ್ದು. ಸ್ಟಾರ್‌ಗಳು ಬೆಂಚಿನಲ್ಲಿರುವ ನಿಮಿಷಗಳಲ್ಲಿ ಸ್ಕೋರ್ ಏನಾಗುತ್ತದೆ ಅಂತ ಗಮನಿಸಿ. ಇನ್ನು ಟೇಬಲ್ ಲೆಕ್ಕಕ್ಕೆ ಲೈವ್ ಬೇಕಾಗಿಲ್ಲ. ಲೀಗ್ ಹಂತ ಏಪ್ರಿಲ್‌ನಲ್ಲೇ ಮುಗಿಯುತ್ತದೆ. ಜೂನ್‌ನಲ್ಲಿ ಫೈನಲ್ ಹೊತ್ತಿಗೆ ಕರಾವಳಿಯಲ್ಲಿ ಮಳೆ ಹಿಡಿದು ಕರೆಂಟ್ ಹೋದರೂ ನಿಮ್ಮ ನೋಟ್‌ಬುಕ್ ತುಂಬಿರುತ್ತದೆ.

ಬಲ ಯಾಕೆ ವಾಲುತ್ತದೆ ಅನ್ನುವುದಕ್ಕೆ ಆಟಗಾರರ ಓಡಾಟದ ಲೆಕ್ಕ ಇಡಿ. ಒಂದು ಪುಟದಲ್ಲಿ ಗೆರೆ ಎಳೆದು ಎಡಕ್ಕೆ ವೆಸ್ಟ್, ಬಲಕ್ಕೆ ಈಸ್ಟ್ ಬರೆಯಿರಿ. ದೊಡ್ಡ ಆಟಗಾರ ಗೆರೆ ದಾಟಿದರೆ ಮಾತ್ರ ಬಾಣ ಹಾಕಿ. 2017ರ ಬೇಸಿಗೆಯನ್ನು ಹೀಗೆ ಬರೆದರೆ ಕಣ್ಣಿಗೆ ಹೊಡೆಯುತ್ತದೆ: ಪಾಲ್ ಜಾರ್ಜ್ ಇಂಡಿಯಾನಾದಿಂದ ಓಕ್ಲಹೋಮಕ್ಕೆ, ಜಿಮ್ಮಿ ಬಟ್ಲರ್ ಶಿಕಾಗೊದಿಂದ ಮಿನೆಸೋಟಕ್ಕೆ, ಮಿಲ್ಸಾಪ್ ಅಟ್ಲಾಂಟಾದಿಂದ ಡೆನ್ವರ್‌ಗೆ, ಕಾರ್ಮೆಲೊ ನ್ಯೂಯಾರ್ಕ್‌ನಿಂದ ಓಕ್ಲಹೋಮಕ್ಕೆ. ಎಲ್ಲ ಬಾಣವೂ ಎಡಕ್ಕೆ. ಎದುರು ದಿಕ್ಕಿಗೆ ಹೋದ ದೊಡ್ಡ ಹೆಸರು ಯೂಟಾದಿಂದ ಬಾಸ್ಟನ್‌ಗೆ ಬಂದ ಹೇವರ್ಡ್. 2018ರಲ್ಲಿ ಲೆಬ್ರಾನ್ ಕೂಡ ಲೇಕರ್ಸ್‌ಗೆ ಹೋದ. 2011ರಿಂದ 2018ರವರೆಗೆ ಸತತ ಎಂಟು ವರ್ಷ ಈಸ್ಟ್‌ನಿಂದ ಫೈನಲ್‌ಗೆ ಬಂದವನು ಅವನು, ಹಾಗಾಗಿ ಆ ಒಂದು ಬಾಣ ಈಸ್ಟ್‌ನ ಬಾಗಿಲನ್ನು ಎಲ್ಲರಿಗೂ ತೆರೆಯಿತು. ಮುಂದಿನ ಐದು ವರ್ಷದಲ್ಲಿ ಟೊರಾಂಟೊ, ಮಯಾಮಿ, ಮಿಲ್ವಾಕಿ, ಬಾಸ್ಟನ್, ಮತ್ತೆ ಮಯಾಮಿ ಫೈನಲ್ ಆಡಿದವು. 2023ರ ಫೆಬ್ರವರಿಯಲ್ಲಿ ಕೆಲವೇ ದಿನಗಳ ಅಂತರದಲ್ಲಿ ಕೈರಿ ಇರ್ವಿಂಗ್ ಮತ್ತು ಡುರಾಂಟ್ ಬ್ರೂಕ್ಲಿನ್ ಬಿಟ್ಟು ವೆಸ್ಟ್‌ಗೆ. 2024ರಲ್ಲಿ ಪಾಲ್ ಜಾರ್ಜ್ ವಾಪಸ್ ಈಸ್ಟ್‌ಗೆ, ಟೌನ್ಸ್ ಕೂಡ ಈಸ್ಟ್‌ಗೆ.

ಗದ್ದಲ ಎಷ್ಟೇ ಇರಲಿ, ಗೆರೆ ದಾಟದಿದ್ದರೆ ಸೊನ್ನೆ. 2025ರ ಫೆಬ್ರವರಿಯಲ್ಲಿ ಲೂಕಾ ಡಾನ್ಚಿಚ್ ಡಲ್ಲಾಸ್‌ನಿಂದ ಲೇಕರ್ಸ್‌ಗೆ ಹೋದಾಗ ಇಡೀ ಜಗತ್ತು ಅದನ್ನೇ ಮಾತಾಡಿತು. ಬದಲಿಗೆ ಆಂಥನಿ ಡೇವಿಸ್ ಡಲ್ಲಾಸ್‌ಗೆ ಹೋದ. ಎರಡೂ ವೆಸ್ಟ್ ತಂಡ. ಕಾನ್ಫರೆನ್ಸ್ ಲೆಕ್ಕದಲ್ಲಿ ಬಾಣವೇ ಇಲ್ಲ.

ಗೆರೆ ದಾಟಿಯೂ ಎರಡು ಕಡೆಗೆ ಒಳ್ಳೆಯದಾದ ಟ್ರೇಡ್ ಕೂಡ ಇದೆ. 2019ರ ಅಕ್ಟೋಬರ್‌ನಲ್ಲಿ ಮುಂಬೈಗೆ ಬಂದು ಆಡಿದ ಎರಡು ತಂಡ ನೆನಪಿದೆಯಾ? ಇಂಡಿಯಾನಾ ಪೇಸರ್ಸ್ ಮತ್ತು ಸ್ಯಾಕ್ರಮೆಂಟೊ ಕಿಂಗ್ಸ್. ಅದೇ ಎರಡು ತಂಡ 2022ರ ಫೆಬ್ರವರಿಯಲ್ಲಿ ಹ್ಯಾಲಿಬರ್ಟನ್ ಮತ್ತು ಸಬೋನಿಸ್‌ರನ್ನು ಬದಲಾಯಿಸಿಕೊಂಡವು. ಸಬೋನಿಸ್ ಬಂದ ಮರುವರ್ಷ ಕಿಂಗ್ಸ್ 16 ಸೀಸನ್ ಬರಗಾಲ ಮುಗಿಸಿ ಪ್ಲೇಆಫ್‌ಗೆ ಬಂತು. ಹ್ಯಾಲಿಬರ್ಟನ್ ಪೇಸರ್ಸ್ ತಂಡವನ್ನು 2025ರ ಫೈನಲ್‌ಗೆ ಕರೆದೊಯ್ದ.

ಕೊನೆಯದಾಗಿ ಡ್ರಾಫ್ಟ್, ಅಂದರೆ ಲೀಗ್‌ಗೆ ಬರುವ ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವುದು. ಸೋತ ತಂಡಕ್ಕೆ ಮೊದಲ ಆಯ್ಕೆ ಸಿಗುವ ಕಾರಣ ದುರ್ಬಲ ಕಾನ್ಫರೆನ್ಸ್ ತಾನಾಗಿ ಸರಿಹೋಗಬೇಕು ಅಂತ ತುಂಬಾ ಜನ ನಂಬಿದ್ದಾರೆ. ಹಾಗಾಗುವುದಿಲ್ಲ, ಮತ್ತು ಇದಕ್ಕೆ ಕಾರಣ ನಿಯಮದಲ್ಲೇ ಇದೆ. ಪ್ಲೇಆಫ್‌ಗೆ ಬಾರದ 14 ತಂಡಕ್ಕೆ ಮೊದಲ ಆಯ್ಕೆಗಳನ್ನು ಹಂಚುವ ಲಾಟರಿ, ಬಂದವರಿಗೆ ಅದರ ನಂತರದ ಆಯ್ಕೆ. ಹಿಂದೆ ಹೇಳಿದ 2014ರ ಸನ್ಸ್ ಮತ್ತು ಹಾಕ್ಸ್‌ಗೆ ವಾಪಸ್ ಬನ್ನಿ. 48 ಗೆದ್ದ ಸನ್ಸ್‌ಗೆ 14ನೇ ಆಯ್ಕೆ ಸಿಕ್ಕಿತು. 38 ಗೆದ್ದ ಹಾಕ್ಸ್‌ಗೆ 15ನೆಯದು. ಗಟ್ಟಿ ಕಾನ್ಫರೆನ್ಸ್‌ನ ಒಳ್ಳೆ ತಂಡ, ದುರ್ಬಲ ಕಾನ್ಫರೆನ್ಸ್‌ನ ಸಾಧಾರಣ ತಂಡಕ್ಕಿಂತ ಮೊದಲು ಆರಿಸಿಕೊಂಡಿತು! ಇದರ ಮೇಲೆ ಲಾಟರಿಯ ಅದೃಷ್ಟ ಬೇರೆ. 1997ರಲ್ಲಿ 15 ಪಂದ್ಯ ಮಾತ್ರ ಗೆದ್ದ ಬಾಸ್ಟನ್‌ಗೆ ಟಿಮ್ ಡಂಕನ್ ಸಿಗಬಹುದಿತ್ತು, ಸಿಕ್ಕಿದ್ದು ಡೇವಿಡ್ ರಾಬಿನ್ಸನ್ ಗಾಯದಿಂದ ಒಂದು ವರ್ಷ ಕುಸಿದಿದ್ದ ಸ್ಯಾನ್ ಆಂಟೋನಿಯೊಗೆ. ಅಲ್ಲಿಂದ ವೆಸ್ಟ್‌ಗೆ ಐದು ಪ್ರಶಸ್ತಿ. 2018ರಲ್ಲಿ ಅಟ್ಲಾಂಟಾ ಲೂಕಾನನ್ನು ಆರಿಸಿ ಅದೇ ರಾತ್ರಿ ಟ್ರೇ ಯಂಗ್‌ಗಾಗಿ ಡಲ್ಲಾಸ್‌ಗೆ ಬಿಟ್ಟುಕೊಟ್ಟಿತು. 2025ರಲ್ಲಿ ಡಲ್ಲಾಸ್ ಮತ್ತು ಶಿಕಾಗೊ ಎರಡೂ 39 ಗೆದ್ದಿದ್ದವು. ಶೇಕಡಾ 1.8 ಅವಕಾಶ ಇದ್ದ ಡಲ್ಲಾಸ್‌ಗೆ ಮೊದಲ ಆಯ್ಕೆ ಬಂದು ಕೂಪರ್ ಫ್ಲ್ಯಾಗ್ ಸಿಕ್ಕ. ಶಿಕಾಗೊ 12ನೇ ಸ್ಥಾನದಲ್ಲಿ ಆರಿಸಿತು. ಹಾಗಾಗಿ ಡ್ರಾಫ್ಟ್ ದಿನ ಮೊದಲ ಐದು ಹೆಸರು ಯಾವ ಕಡೆ ಹೋದವು ಅಂತ ಬರೆದಿಡಿ, ಆದರೆ ಅದರ ಫಲ ನೋಡಲು ಮೂರು ನಾಲ್ಕು ವರ್ಷ ಕಾಯಿರಿ.

ನೋಟ್‌ಬುಕ್ ತೆಗೆಯಲು ವರ್ಷಕ್ಕೆ ಮೂರು ಹೊತ್ತು ಸಾಕು. ಫೆಬ್ರವರಿಯಲ್ಲಿ ಟ್ರೇಡ್ ಗಡುವು ಮುಗಿದ ಮರುದಿನ ಬಾಣಗಳ ಪುಟ, ಏಪ್ರಿಲ್‌ನಲ್ಲಿ ಲೀಗ್ ಮುಗಿದ ದಿನ 390 ಕಳೆಯುವ ಪುಟ, ಜುಲೈನಲ್ಲಿ ಫ್ರೀ ಏಜೆಂಟ್‌ಗಳ (ಒಪ್ಪಂದ ಮುಗಿದು ತಂಡ ಹುಡುಕುವ ಆಟಗಾರರು) ಗಲಾಟೆ ಇಳಿದ ಮೇಲೆ ಮತ್ತೆ ಬಾಣ. 82 ಪಂದ್ಯ ಪೂರ್ತಿ ನಡೆದ ಹಳೆ ವರ್ಷಗಳನ್ನೂ ಇದೇ ರೀತಿ ತುಂಬಿಸಬಹುದು, ಪಾಯಿಂಟ್ಸ್ ಟೇಬಲ್ ಎಲ್ಲ ವರ್ಷದ್ದೂ ಸಿಗುತ್ತದೆ. ಆದರೆ 2004-05ಕ್ಕಿಂತ ಹಿಂದೆ ಹೋದರೆ 390 ಹಾಕಬೇಡಿ. ಆಗ 29 ತಂಡ, ಅದಕ್ಕೂ ಹಿಂದೆ ಇನ್ನೂ ಕಡಿಮೆ. ಷಾರ್ಲೆಟ್‌ಗೆ ಹೊಸ ತಂಡ ಬಂದು, ನ್ಯೂ ಆರ್ಲಿಯನ್ಸ್ ಈಸ್ಟ್‌ನಿಂದ ವೆಸ್ಟ್‌ಗೆ ಹೋಗಿ 15-15 ಆದದ್ದು ಆ ಸೀಸನ್‌ನಿಂದ. ಸಿಯಾಟಲ್, ಲಾಸ್ ವೇಗಸ್‌ಗೆ ತಂಡ ಕೊಡುವ ಮಾತು ಬಹಳ ದಿನದಿಂದ ನಡೆದಿದೆ. ಎರಡೂ ಊರು ಪಶ್ಚಿಮದವು, ಹಾಗಾಗಿ ಅವು ಬಂದರೆ ಈಗಿನ ವೆಸ್ಟ್‌ನ ಒಂದು ತಂಡ ಈಸ್ಟ್‌ಗೆ ಹೋಗಬೇಕಾಗುತ್ತದೆ. ಮೆಂಫಿಸ್, ಮಿನೆಸೋಟ, ನ್ಯೂ ಆರ್ಲಿಯನ್ಸ್ ಮೂರೂ ನಕ್ಷೆಯಲ್ಲಿ ಪೂರ್ವಕ್ಕೆ ಹತ್ತಿರ. ಅದು ನಡೆದ ವರ್ಷ ಒಬ್ಬ ಆಟಗಾರನ ಬಾಣ ಅಲ್ಲ, ಇಡೀ ತಂಡದ ಬಾಣ ಹಾಕಬೇಕು, ಮತ್ತು 390ನ್ನು ಹೊಸ ವೇಳಾಪಟ್ಟಿ ನೋಡಿ ಮತ್ತೆ ಲೆಕ್ಕ ಹಾಕಬೇಕು.